ಹೊರದೇಶದ ವೀಗನ್ ಅಡುಗೆಮನೆ: ಮೊದಲು ಕಲಿಯಬೇಕಾದದ್ದು

ಈಗಷ್ಟೇ ಹೊರದೇಶಕ್ಕೆ ಬಂದಿದ್ದೀರಿ. ವೀಗನ್ ಆಗಿಯೇ, ಅಂದರೆ ಮಾಂಸ, ಮೊಟ್ಟೆ, ಹಾಲು, ಜೇನು ಯಾವುದನ್ನೂ ಮುಟ್ಟದೆ ಇರಬೇಕು, ಏನು ಕೊಳ್ಳಲಿ, ಮೊಸರಿಗೆ ಏನು ಮಾಡಲಿ, ಜೊತೆಗಿರುವವರಿಗೆ ಏನು ಬಡಿಸಲಿ ಎಂದು ಕೇಳಿದ್ದೀರಿ. ಮಾಂಸದ ರುಚಿಯ ದುಬಾರಿ ಪ್ಯಾಕೆಟ್‌ಗಳನ್ನು ಸದ್ಯಕ್ಕೆ ಬಿಡಿ. ಕಾಳು ಸರಿಯಾಗಿ ಬೇಯಿಸುವುದು, ಸೋಯಾ ಹಾಲಿಗೆ ಹೆಪ್ಪು ಹಾಕುವುದು, ಇವೆರಡು ಕೈಗೆ ಹತ್ತಿದರೆ ಯಾವ ಊರಿಗೆ ಹೋದರೂ ಊಟಕ್ಕೆ ತೊಂದರೆಯಿಲ್ಲ.

ಎಲ್ಲಕ್ಕಿಂತ ಮೊದಲು, ವೀಗನ್ ಊಟದಲ್ಲಿ ಸಾಕಷ್ಟು ಸಿಗದ ವಿಟಮಿನ್ ಬಿ12ರ ಮಾತ್ರೆ ತೆಗೆದುಕೊಳ್ಳಿ. ವಯಸ್ಕರಿಗೆ ದಿನಕ್ಕೆ 10 ಮೈಕ್ರೋಗ್ರಾಂ ಅಥವಾ ವಾರಕ್ಕೆ 2000 ಮೈಕ್ರೋಗ್ರಾಂ. ಒಂದೇ ಸಲಕ್ಕೆ ಹೆಚ್ಚು ನುಂಗಿದಷ್ಟೂ ದೇಹ ಹೀರುವ ಪಾಲು ಕಡಿಮೆ, ಅದಕ್ಕೇ ವಾರದ ಲೆಕ್ಕ ಅಷ್ಟು ದೊಡ್ಡದು. ಸ್ಪಿರುಲಿನಾ ಎಂಬ ಪಾಚಿಯ ಪುಡಿಯನ್ನು ನಂಬಬೇಡಿ, ಅದರಲ್ಲಿರುವುದು ಬಹುಪಾಲು ದೇಹಕ್ಕೆ ಒದಗದ ರೂಪ. ಯಕೃತ್ತಿನ ದಾಸ್ತಾನು ವರ್ಷಗಟ್ಟಲೆ ಬರುವುದರಿಂದ ಕೊರತೆ ಬೇಗ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ನರಗಳಿಗೆ ಪೆಟ್ಟು ಬಿದ್ದಿರಬಹುದು.

ಅಂಗಡಿಯಲ್ಲಿ ಎಡವುವುದು ಹೆಚ್ಚಾಗಿ ಲೇಬಲ್‌ನಲ್ಲಿ. ‘ಲ್ಯಾಕ್ಟೋಸ್ ಫ್ರೀ’ ಎಂದು ಬರೆದಿದ್ದರೂ ಅದು ಸಾಮಾನ್ಯವಾಗಿ ಹಸುವಿನ ಹಾಲೇ, ಅದರಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆದಿರುತ್ತಾರೆ ಅಷ್ಟೆ. ‘ಡೈರಿ ಫ್ರೀ’ಯಲ್ಲಿ ಮೊಟ್ಟೆ ಇರಬಹುದು. ಪದಾರ್ಥಗಳ ಪಟ್ಟಿಯಲ್ಲಿ ವೇ, ಕೇಸಿನ್ (ಎರಡೂ ಹಾಲಿನಿಂದ ಬಂದವು), ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು) ಇವೆಯೇ ನೋಡಿ, ಇದ್ದರೆ ಕೊಳ್ಳಬೇಡಿ. ‘ಇ’ ಸಂಖ್ಯೆಗಳು ಸೇರಿಸಿದ ಬಣ್ಣ, ಮೇಣ ಮುಂತಾದವುಗಳ ಗುರುತು. ಇ120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ, ಇ901 ಜೇನುಮೇಣ, ಇ904 ಕೀಟದಿಂದ ಬರುವ ಅರಗು. ‘ಹಾಲಿನ ಅಂಶ ಇರಬಹುದು’ ಎಂಬ ಸಾಲು ಅಲರ್ಜಿ ಇರುವವರಿಗೆ ಕೊಟ್ಟ ಎಚ್ಚರಿಕೆ. ಹಾಲು ಹಾಕಿದ್ದಾರೆ ಎಂದು ಅದರ ಅರ್ಥವಲ್ಲ.

ಇನ್ನು ಮೊಸರು. ಪಟ್ಟಿಯಲ್ಲಿ ಸೋಯಾ ಮತ್ತು ನೀರು ಎರಡೇ ಇರುವ ಹಾಲು ಆರಿಸಿ. ಓಟ್ಸ್, ಅಕ್ಕಿ, ಬಾದಾಮಿ ಹಾಲಿನಲ್ಲಿ ಪ್ರೋಟೀನ್ ಸಾಲದು, ಹುಳಿ ಬಂದರೂ ಗಟ್ಟಿಯಾಗುವುದಿಲ್ಲ. ಅರ್ಧ ಲೀಟರ್ ಹಾಲಿಗೆ ಒಂದು ಟೀ ಚಮಚ ಸಕ್ಕರೆ ಹಾಕಿ. ಸೋಯಾ ಹಾಲಿನಲ್ಲಿ ಲ್ಯಾಕ್ಟೋಸ್ ಇಲ್ಲ, ಹೆಪ್ಪಿನ ಬ್ಯಾಕ್ಟೀರಿಯಾಕ್ಕೆ ಆಹಾರ ಬೇಕಲ್ಲ! 43 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಜೀವಂತ ಬ್ಯಾಕ್ಟೀರಿಯಾ ಇರುವ ಸಪ್ಪೆ ಸೋಯಾ ಮೊಸರು ಎರಡು ದೊಡ್ಡ ಚಮಚ ಬೆರೆಸಿ. ಬೆರಳು ಅದ್ದಿದಾಗ ಸುಡಬಾರದು. ಸುಟ್ಟರೆ ಹೆಪ್ಪು ಸತ್ತಂತೆಯೇ. ಆಮೇಲೆ 6ರಿಂದ 8 ಗಂಟೆ ಅಲ್ಲಾಡಿಸದೆ ಬೆಚ್ಚಗಿಡಿ. ಚಳಿ ಪ್ರದೇಶದಲ್ಲಿ ಬರುವ ದೂರೆಲ್ಲ ಈ ಹಂತದ್ದೇ: ಅಡುಗೆಮನೆ 18 ಡಿಗ್ರಿ ಇದ್ದರೆ ಬೆಳಗಾದರೂ ಹಾಲು ಹಾಲಾಗಿಯೇ ಇರುತ್ತದೆ. ಬಿಸಿನೀರಿನಿಂದ ತೊಳೆದ ಫ್ಲಾಸ್ಕ್‌ಗೆ ಸುರಿದಿಡಿ, ಅಥವಾ ಓವನ್‌ನ ದೀಪ ಮಾತ್ರ ಹಚ್ಚಿ ಒಳಗಿಡಿ. ಮೇಲೆ ನೀರು ಒಡೆದಿದ್ದರೆ ಹೊತ್ತು ಮೀರಿದೆ ಅಥವಾ ಬಿಸಿ ಹೆಚ್ಚಾಗಿದೆ, ಬಟ್ಟೆಯಲ್ಲಿ ಸೋಸಿದರೆ ಗಟ್ಟಿ ಮೊಸರು ಸಿಗುತ್ತದೆ. ಅದೇ ಹೆಪ್ಪನ್ನು ಮತ್ತೆ ಮತ್ತೆ ಬಳಸಿದಾಗ ಮೊಸರು ತೆಳುವಾಗತೊಡಗಿದರೆ ಹೊಸದು ತನ್ನಿ.

ಕಾಳು ಎಷ್ಟು ಹೊತ್ತಾದರೂ ಬೇಯದಿದ್ದರೆ ನಲ್ಲಿ ನೀರಿನ ಗಡಸುತನವನ್ನು ಅನುಮಾನಿಸಿ. ನೆನೆಸುವ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ, ಟೊಮೆಟೊ, ಹುಳಿ ಬೆಂದ ಮೇಲೆಯೇ ಹಾಕಿ. ರಾಜ್ಮಾ ವಿಷಯದಲ್ಲಿ ಮಾತ್ರ ತುಂಬ ಹುಷಾರು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್‌ಗೆ ನೇರವಾಗಿ ಹಾಕಿದರೆ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ನಾಶವಾಗದೆ ಕೆಲವೇ ಗಂಟೆಗಳಲ್ಲಿ ವಾಂತಿ ಹಿಡಿಯುತ್ತದೆ.

ಬೇರೆಯವರಿಗೆ ಮಾಡಿ ಕೊಂಡೊಯ್ಯುವಾಗ ಯಾವುದಕ್ಕೋ ಬದಲಿಯಾದ ಅಡುಗೆ ಬೇಡ, ತಾನಾಗಿಯೇ ರುಚಿಯಾದದ್ದು ಮಾಡಿ. ಹುರಿದ ತರಕಾರಿ, ಕಡಲೆಕಾಳು, ಎಳ್ಳಿನ ಪೇಸ್ಟಿಗೆ ನಿಂಬೆಹುಳಿ ಕಲಸಿದ ಸಾಸ್ ಮಾಡಿದರೆ ಯಾರೂ ಬೇಡವೆನ್ನುವುದಿಲ್ಲ. ಸೋಯಾ, ಎಳ್ಳು, ಗೋಡಂಬಿ, ಶೇಂಗಾ ಯಾವುದು ಹಾಕಿದ್ದರೂ ಚೀಟಿಯಲ್ಲಿ ಬರೆದು ಪಾತ್ರೆಯ ಪಕ್ಕ ಇಡಿ. ನಮ್ಮ ಅಡುಗೆಯ ಜೀವಾಳವೇ ಕೆಲವರಿಗೆ ಪ್ರಾಣಾಪಾಯದ ಅಲರ್ಜಿ.