ಅಣ್ಣನ ಕುಡಿತ ಕಾಯಿಲೇನಾ, ಕೊಬ್ಬಾ?

ಪ್ರಶ್ನೆ: ಮೇಡಂ, ನಮ್ಮಣ್ಣಂಗೆ 38 ವರ್ಷ, ಪೀಣ್ಯದಲ್ಲಿ ಲೇತ್ ಆಪರೇಟರ್ ಆಗಿದ್ದ, ಕುಡಿದು ಕುಡಿದು ಕೆಲಸ ಹೋಯ್ತು. ಎರಡು ಸಲ ಸಾಲ ತೀರಿಸಿದೀನಿ, ನಾನು ಕಟ್ಟಿದ್ದ ಚೀಟಿ ದುಡ್ಡೂ ಅದಕ್ಕೇ ಹೋಯ್ತು. ಅಮ್ಮ 'ಪಾಪ, ಅದು ಕಾಯಿಲೆ ಕಣೇ' ಅಂತ ಪೆನ್ಶನ್ನಲ್ಲಿ ಅವನಿಗೆ ದುಡ್ಡು ಕೊಡ್ತಾರೆ. ನಮ್ಮನೆಯವ್ರು 'ಯಾರೂ ಅವನ ಬಾಯಿಗೆ ಹುಯ್ದಿಲ್ಲ, ಅವನೇ ಅನುಭವಿಸ್ಲಿ, ಮನೆಗೆ ಸೇರಿಸ್ಬೇಡ' ಅಂತಾರೆ. ಯಾರ ಮಾತು ಕೇಳ್ಲಿ?
– ಹೆಸರು ಬೇಡ, ದಾಸರಹಳ್ಳಿ

ಉತ್ತರ: ತಂಗಿ, ನಿಮ್ಮಮ್ಮ ಹೇಳ್ತಿರೋದು ನಿಜ, ಮಾಡ್ತಿರೋದು ತಪ್ಪು.

ಕಾಯಿಲೆನೇ ಅದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಕುಡಿತ, ಡ್ರಗ್ಸ್‌ನಿಂದ ಬರೋ ಮನಸ್ಸಿನ ತೊಂದರೆಗಳನ್ನ ಮಾನಸಿಕ ಕಾಯಿಲೆ ಲೆಕ್ಕಕ್ಕೇ ಸೇರಿಸಿದಾರೆ. ಬೆಳಗ್ಗೆ ಅವನ ಕೈಗೆ ಕಾಫಿ ಲೋಟ ಕೊಟ್ಟು ನೋಡಿ, ಎರಡು ಕೈಲಿ ಹಿಡಿದ್ರೂ ಅಂಗಿ ಮೇಲೆ ತುಳುಕ್ತಿದ್ರೆ ಅದು ಕೊಬ್ಬಲ್ಲ, ವರ್ಷಗಟ್ಲೆ ಕುಡಿದು ಮಿದುಳು ಅದಕ್ಕೇ ಒಗ್ಗಿಹೋಗಿದೆ ಅಂತ ಅರ್ಥ. ಅದಕ್ಕೇ ಹೇಳ್ತೀನಿ, ರೂಮಲ್ಲಿ ಕೂಡಾಕಿ ಬಿಡಿಸ್ತೀವಿ ಅಂತ ಮಾತ್ರ ಹೊರಡ್ಬೇಡಿ, ದಿನಾ ಕುಡಿಯೋರು ಒಂದೇ ಸಲ ನಿಲ್ಲಿಸಿದ್ರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಾಣಿಸಿ ಜೀವಕ್ಕೇ ಅಪಾಯ ಆಗಬಹುದು. ಯಾರೋ ಹೇಳಿದ್ರು ಅಂತ ಸಾರಲ್ಲಿ ಮಾತ್ರೆ ಬೆರೆಸೋದಂತೂ ಬೇಡವೇ ಬೇಡ.

ಆದ್ರೆ ದುಡ್ಡು? ಅದು ಬೇರೆ ಮಾತು. ನಾನು ಪಿಯುಸಿ ಓದ್ವಾಗ ನಮ್ಮ ಮಾವ ಹೀಗೇ ಇದ್ರು, ಅತ್ತೆ ನನ್ನ ಕೈಲಿ ಎರಡು ರೂಪಾಯಿ ಕೊಟ್ಟು ಕಳಿಸಿದ್ರೆ ನಾನೇ ಬೀದಿ ಕೊನೆ ಬೂತಿಂದ ಅವರ ಫ್ಯಾಕ್ಟರಿಗೆ ಫೋನ್ ಮಾಡಿ 'ಜ್ವರ ಸಾರ್, ಇವತ್ತು ಬರಲ್ಲ' ಅಂತಿದ್ದೆ. ಅವರ ಮೇಲಿನ ಪ್ರೀತಿ ಅಂದ್ಕೊಂಡೇ ಮಾಡಿದ್ದು. ಈಗ ಅನ್ಸತ್ತೆ, ನನ್ನ ಒಂದೊಂದು ಫೋನೂ ಅವರಿಗೆ ಕುಡಿಯೋಕೆ ಇನ್ನೊಂದು ದಿನ ರಜಾ ಕೊಡಿಸ್ತಿತ್ತು. 50 ದಾಟ್ಲಿಲ್ಲ ಅವರು.

ಹಾಗಾಗಿ ನಿಮ್ಮನೆಯವ್ರನ್ನೂ ನಾನು ಬೈಯಲ್ಲ, ಚಿಕಿತ್ಸೆಗೆ ಕಾಲಿಡಬೇಕಾದವನು ಅಣ್ಣನೇ, ಅವನ ಬದಲು ನೀವು ಹೋಗೋಕಾಗಲ್ಲ. ಬೀದಿಗೆ ಬಿಟ್ರೆ ಬುದ್ಧಿ ಬರತ್ತೆ ಅನ್ನೋದು ಮಾತ್ರ ನಾನು ಒಪ್ಪಲ್ಲ, ಬೀದಿಗೆ ಬಿದ್ದೋನು ಇನ್ನೂ ಕುಡೀತಾನೆ. ಕುಡಿದಿಲ್ಲದ ಹೊತ್ತು ನೋಡಿ, ಕೂಗಾಡದೆ ಹೇಳಿ, 'ದುಡ್ಡು ಕೊಡಲ್ಲ, ಸಾಲ ತೀರಿಸಲ್ಲ, ಊಟಕ್ಕೆ ಯಾವಾಗ ಬೇಕಾದ್ರೂ ಬಾ, ಆಸ್ಪತ್ರೆಗೆ ಬರ್ತೀನಿ ಅಂದ್ರೆ ನಾನೇ ಜೊತೆಗೆ ಬರ್ತೀನಿ.' ಹೇಳಿದ್ಮೇಲೆ ಹಾಗೇ ನಡ್ಕೊಳ್ಳಿ. ಕೈ ಮಾಡಿದ್ರೆ ಮಾತ್ರ ಸುಮ್ನಿರ್ಬೇಡಿ, 112ಕ್ಕೆ ಫೋನ್ ಮಾಡಿ.

ನಿಮ್ಹಾನ್ಸ್‌ನಲ್ಲಿ ಚಟಕ್ಕೇ ಅಂತ ಬೇರೆ ವಿಭಾಗ ಇದೆ, ದಾಸರಹಳ್ಳಿಯಲ್ಲಿ ಹಸಿರು ಮೆಟ್ರೋ ಹತ್ತಿದ್ರೆ ಜಯನಗರದಲ್ಲಿ ಇಳ್ಕೊಂಡು ಆಟೋ ಹಿಡೀಬಹುದು. ಮೊದಲು ಮಾತಾಡ್ಬೇಕು ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ, ಮನೆಯವ್ರೂ ಮಾಡಬಹುದು. ಬಿಟ್ಟು ಆರು ತಿಂಗಳಿಗೆ ಮತ್ತೆ ಕುಡಿದ ಅಂದ್ರೆ ಎಲ್ಲ ಮುಗೀತು ಅಂತ ಕೈ ಚೆಲ್ಬೇಡಿ, ಈ ಕಾಯಿಲೇಲಿ ಅದು ಆಗೋದೇ, ಮತ್ತೆ ಕರ್ಕೊಂಡು ಹೋಗಿ.

ಅಮ್ಮ ನಿಮ್ಮ ಮಾತು ಕೇಳಲ್ಲ, ಗೊತ್ತು. ಮೊದಲನೇ ದಿನವೇ ಅವರನ್ನೂ ಜೊತೇಲಿ ಕರ್ಕೊಂಡು ಹೋಗಿ, ದುಡ್ಡು ಕೊಡಬೇಡಿ ಅನ್ನೋದನ್ನ ಡಾಕ್ಟ್ರ ಬಾಯಿಂದಾನೇ ಕೇಳ್ಲಿ.