ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸೋ ಮೊದಲು ಸಾಲದ ಪುಸ್ತಕ ತೆಗೆದು ನೋಡಿ

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದು ದಿನಸಿ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನೂ ಜೊತೆಗಿದ್ದೇನೆ. ಕಂಪ್ಯೂಟರ್, ಬಾರ್‌ಕೋಡ್ ಸ್ಕ್ಯಾನರ್, ಪ್ರಿಂಟರ್, ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್ಲ ಸೇರಿ 60 ಸಾವಿರ ರೂಪಾಯಿ, ಅದರ ಮೇಲೆ ವರ್ಷಕ್ಕೆ 8 ಸಾವಿರ ಅಂತ ಒಬ್ಬರು ಹೇಳಿ ಹೋಗಿದ್ದಾರೆ. ಜಿಎಸ್‌ಟಿಗೆ ಇದು ಕಡ್ಡಾಯ ಅಂತಲೂ ಹೇಳಿದರು. ಪಕ್ಕದ ಅಂಗಡಿಯವರು ಆಗಲೇ ಹಾಕಿಸಿದ್ದಾರೆ. ಅಪ್ಪ ಮಾತ್ರ ‘ಪುಸ್ತಕ ಸಾಕು’ ಅಂತಾರೆ. ತಗೊಳ್ಳಬಹುದಾ ಸರ್?
– ಓದುಗರು, ಮಲ್ಪೆ

ಉತ್ತರ: ಕಡ್ಡಾಯ ಅನ್ನೋ ಮಾತಿಗೆ ಹೆದರಬೇಡಿ. ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್, ಕಡ್ಡಾಯ ಇರುವುದು ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ. ಬರೀ ಸಾಮಾನು ಮಾರುವವರಿಗೆ ನಮ್ಮ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿಯೇ 40 ಲಕ್ಷ. ಈ ಲೆಕ್ಕಕ್ಕೆ ನಗದು, ಯುಪಿಐ ಎರಡೂ ಸೇರುತ್ತವೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನೆನಪಿದೆ ಅಲ್ವಾ? ದಿನದ ಒಟ್ಟು ವ್ಯಾಪಾರವನ್ನು ಸರಿಯಾಗಿ ಬರೆದಿಡಲೇಬೇಕು. ಆದರೆ ಅದಕ್ಕೆ ಪುಸ್ತಕವೂ ಸಾಕು.

ಈಗ ನಿಜವಾದ ವಿಷಯಕ್ಕೆ ಬರೋಣ. ನಿಮ್ಮ ಅಂಗಡಿಯಲ್ಲಿ ಕಷ್ಟ ಆಗುತ್ತಿರುವುದು ಎಲ್ಲಿ ಅಂತ ನಿಮ್ಮ ಪತ್ರದಲ್ಲಿ ಇಲ್ಲ. ಪಕ್ಕದವರು ಹಾಕಿಸಿದ್ದಾರೆ ಅನ್ನೋದು ಮಾತ್ರ ಇದೆ. ಸಂಜೆ ಗಿರಾಕಿಗಳು ಕಾದು ಕಾದು ವಾಪಸ್ ಹೋಗುತ್ತಿದ್ದಾರಾ? ಅವಧಿ ಮುಗಿದ ಬಿಸ್ಕತ್, ಮಸಾಲೆ ಪ್ಯಾಕೆಟ್ ಎಸೆಯುವುದು ಜಾಸ್ತಿಯಾಗಿದೆಯಾ? ಅಥವಾ ಸಾಲ ವಸೂಲಿ ಆಗುತ್ತಿಲ್ಲವಾ? ಇದನ್ನು ಅಪ್ಪನ ಹತ್ತಿರ ಕೂತು ಕೇಳಿ. ಅವರಿಗೆ ಗೊತ್ತಿರುತ್ತದೆ.

ಮಲ್ಪೆಯ ಅಂಗಡಿ ಅಂದಮೇಲೆ ನನ್ನ ಅನುಮಾನ ಸಾಲದ ಮೇಲೆಯೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಬೋಟಿನ ದುಡಿಮೆ ನಂಬಿದ ಮನೆಗಳಿಗೆ ಅಕ್ಕಿ, ಎಣ್ಣೆ, ಸಕ್ಕರೆ ಹೋಗುವುದು ಹೆಚ್ಚಾಗಿ ಲೆಕ್ಕಕ್ಕೆ ಬರೆದು. ದುಡ್ಡು ಬರುವುದು ಆಗಸ್ಟ್ ನಂತರ, ಅದೂ ಸ್ವಲ್ಪ ಸ್ವಲ್ಪವಾಗಿ. ಸಾಫ್ಟ್‌ವೇರ್ ಮಾರುವವರು ಡೆಮೊದಲ್ಲಿ ಸಾಮಾನ್ಯವಾಗಿ ತೋರಿಸುವುದು ನಗದು ವ್ಯಾಪಾರ. ಸ್ಕ್ಯಾನ್ ಮಾಡಿದರು, ಬಿಲ್ ಬಂತು, ಮುಗಿಯಿತು. ನೀವು ಅವರನ್ನು ನಿಲ್ಲಿಸಿ ಹೀಗೆ ಕೇಳಿ: ‘ಒಂದು ಮನೆಯ ಹುಡುಗ ಬಂದು 640 ರೂಪಾಯಿಯ ಸಾಮಾನು ತಗೊಂಡ, 200 ಕೊಟ್ಟ, ಉಳಿದದ್ದು ಅಮ್ಮನ ಲೆಕ್ಕಕ್ಕೆ ಬರೆಯಿರಿ ಅಂದ. ಮಾಡಿ ತೋರಿಸಿ.’ ಕೌಂಟರಿನಲ್ಲಿ ನಾಲ್ಕು ಜನ ನಿಂತಿರುವಾಗ ಇಷ್ಟನ್ನು ಅರ್ಧ ನಿಮಿಷದಲ್ಲಿ ಮಾಡಲು ಆಗದಿದ್ದರೆ ಆ ಸಾಫ್ಟ್‌ವೇರ್ ನಿಮಗೆ ಬೇಡ. ಅಪ್ಪನ ಪುಸ್ತಕವೇ ಅದಕ್ಕಿಂತ ಬೇಗ.

ಎರಡನೆಯದು, ಬಂದ ಸಾಮಾನನ್ನು ಕಂಪ್ಯೂಟರಿಗೆ ಹತ್ತಿಸುವವರು ಯಾರು? ಹೆಚ್ಚಿನ ಅಂಗಡಿಗಳಲ್ಲಿ ಕೈಕೊಡುವುದು ಇಲ್ಲೇ. ಹೋಲ್‌ಸೇಲಿನವರು 40 ಐಟಂ ಇಳಿಸಿ ಹೋದರು ಅಂದುಕೊಳ್ಳಿ. ಒಂದೊಂದಕ್ಕೂ ಖರೀದಿ ದರ, ಎಂಆರ್‌ಪಿ, ತೆರಿಗೆ, ಅವಧಿ ಮುಗಿಯುವ ದಿನ ಹಾಕಬೇಕು. ಅದೇ ಸೋಪು ಹಳೇ ಎಂಆರ್‌ಪಿಯದು ಹತ್ತು, ಹೊಸದು ಇಪ್ಪತ್ತು ಇದ್ದರೆ ಬೇರೆ ಬೇರೆ ಹತ್ತಿಸಬೇಕು. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾದಾಗ ಹೀಗೆ ಎಷ್ಟೋ ಐಟಂಗಳ ದರ ತಿದ್ದಬೇಕಾಯಿತು. ನೀವು ಒಂದು ವಾರ ‘ನಾಳೆ ಹಾಕಿದರಾಯ್ತು’ ಅಂತ ಬಿಟ್ಟರೂ ಸ್ಟಾಕ್ ಲೆಕ್ಕ ಕಪಾಟಿಗೆ ತಾಳೆಯಾಗುವುದಿಲ್ಲ. ದಿನಕ್ಕೆ ಒಂದು ಗಂಟೆ ಇದಕ್ಕೇ ಅಂತ ಇಡಲು ನಿಮಗೆ ಆಗುತ್ತದಾ? ಇದರ ಉತ್ತರ 60 ಸಾವಿರಕ್ಕಿಂತ ಮುಖ್ಯ.

ದುಡ್ಡಿನ ಲೆಕ್ಕ ಸುಲಭ. ಐದು ವರ್ಷಕ್ಕೆ 60 ಸಾವಿರ, ಜೊತೆಗೆ 40 ಸಾವಿರ, ಒಟ್ಟು 1 ಲಕ್ಷ. ತಿಂಗಳಿಗೆ ಸುಮಾರು 1,700 ರೂಪಾಯಿ. ಕಡಲ ಬದಿಯ ಉಪ್ಪು ಗಾಳಿಯಲ್ಲಿ ಈ ಯಂತ್ರಗಳಿಗೆ ಐದು ವರ್ಷಕ್ಕಿಂತ ಜಾಸ್ತಿ ಆಯುಷ್ಯ ಲೆಕ್ಕ ಹಾಕಬೇಡಿ. ಈಗಿನಿಂದಲೇ ಅವಧಿ ಮುಗಿದ ಸಾಮಾನನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕುತ್ತಾ ಬನ್ನಿ. ಎರಡು ತಿಂಗಳ ನಂತರ ಅದರ ಬೆಲೆ ಕೂಡಿಸಿ. ವಸೂಲಾಗದೆ ಉಳಿದ ಹಳೇ ಸಾಲವನ್ನೂ ಪುಸ್ತಕದಿಂದ ತೆಗೆದು ಬರೆಯಿರಿ. ಈ ನಷ್ಟ ತಿಂಗಳಿಗೆ 1,700ರ ಹತ್ತಿರಕ್ಕೂ ಬರದಿದ್ದರೆ, ಕೌಂಟರಿನಲ್ಲಿ ನೂಕುನುಗ್ಗಲೂ ಇಲ್ಲದಿದ್ದರೆ, ಅಪ್ಪ ಹೇಳಿದ್ದೇ ಸರಿ. ಸುಮ್ನೆ ಖರ್ಚು ಮಾಡಬೇಡಿ.

ನಷ್ಟ ಅದಕ್ಕಿಂತ ಜಾಸ್ತಿ ಇದ್ದರೆ ಧೈರ್ಯವಾಗಿ ಮುಂದೆ ಹೋಗಿ. ಆದರೆ ಶುರು ಮಾಡುವುದು ಏಪ್ರಿಲ್ 1ಕ್ಕೆ. ಹೊಸ ಲೆಕ್ಕದ ವರ್ಷಕ್ಕೆ ಹೇಗೂ ಸ್ಟಾಕ್ ಎಣಿಸುತ್ತೀರಿ, ಜೂನ್ ಬರುವಷ್ಟರಲ್ಲಿ ಎರಡು ತಿಂಗಳು ಕೈ ಪಳಗಿರುತ್ತದೆ. ಚೌತಿಯ ವಾರದಲ್ಲಿ ಮಾತ್ರ ಇಂಥ ಕೆಲಸಕ್ಕೆ ಕೈ ಹಾಕಬೇಡಿ. ಮೊದಲು ಪ್ಯಾಕೆಟ್ ಸಾಮಾನು ಮತ್ತು ಸಾಲದ ಲೆಕ್ಕ ಸಾಕು. ಬಿಡಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಆಮೇಲೆ ನೋಡೋಣ. ಮೊದಲ ತಿಂಗಳು ಪುಸ್ತಕವೂ ನಡೆಯಲಿ. ರಾತ್ರಿ ಬಾಗಿಲು ಹಾಕುವಾಗ ಎರಡನ್ನೂ ಅಪ್ಪನೇ ತಾಳೆ ನೋಡಲಿ. ತಪ್ಪು ಎಲ್ಲಿ ಆಗುತ್ತಿದೆ ಅಂತ ಅವರ ಕಣ್ಣಿಗೆ ಬೇಗ ಬೀಳುತ್ತದೆ.

ಅಡ್ವಾನ್ಸ್ ಕೊಡುವ ಮೊದಲು ಮೂರು ವಿಷಯ ಬರಹದಲ್ಲಿ ತಗೊಳ್ಳಿ. ಮಳೆಗೆ ನೆಟ್ ಹೋದಾಗಲೂ ಬಿಲ್ ಆಗಬೇಕು. ಹಾಳಾದರೆ ಎಷ್ಟು ದಿನದಲ್ಲಿ ಬಂದು ಸರಿ ಮಾಡುತ್ತಾರೆ ಅಂತ ಇರಬೇಕು. ನಾಳೆ ನೀವು ವರ್ಷದ 8 ಸಾವಿರ ನಿಲ್ಲಿಸಿದರೂ ಗಿರಾಕಿಗಳ ಸಾಲದ ಲೆಕ್ಕವಷ್ಟೂ ಎಕ್ಸೆಲ್‌ನಲ್ಲಿ ನಿಮ್ಮ ಕೈಗೆ ಸಿಗಬೇಕು. ಮೂರನೆಯದಕ್ಕೆ ಒಪ್ಪದವರ ಹತ್ತಿರ ವ್ಯವಹಾರವೇ ಬೇಡ.