ಮಧ್ಯಾಹ್ನ ಓಡುವ ಇಂಜಿನು ಮುಂಜಾನೆ ಏಕೆ ಹಟ ಹಿಡಿಯುತ್ತದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಮಾದರಿ ರೈಲು

ಮಾದರಿ ರೈಲಿನ ಹವ್ಯಾಸಿಗಳಿಂದ ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ‘ಮೋಟರ್ ಬದಲಿಸಬೇಕೇ?’ ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತವೆ. ನನ್ನ ಮೇಜಿನ ಮೇಲೆ ಬಿಚ್ಚಿ ಕುಳಿತ ಇಂಜಿನುಗಳ ಅನುಭವದಿಂದ ಹೇಳುವುದಾದರೆ, ಮೋಟರ್ ನಿಜವಾಗಿ ಕೆಟ್ಟಿರುವುದು ಅಪರೂಪ. ಅದರತ್ತ ಹೋಗುವ ಕರೆಂಟಿನ ದಾರಿಯಲ್ಲಿ ಅಥವಾ ಅದರಿಂದ ಚಕ್ರಕ್ಕೆ ಹೋಗುವ ಗೇರಿನ ದಾರಿಯಲ್ಲಿ ಏನೋ ಅಡ್ಡ ಬಂದಿರುತ್ತದೆ. ಆರಿಸಿಕೊಂಡ ಐದು ಪತ್ರಗಳಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ನನ್ನ ಎಚ್‌ಓ ಅಳತೆಯ (ನಿಜದ 87ರಲ್ಲಿ ಒಂದು ಪಾಲಿನ) ಡೀಸೆಲ್ ಇಂಜಿನು ಮಧ್ಯಾಹ್ನ ಮೂರಕ್ಕೆ ಸರಾಗವಾಗಿ ಓಡುತ್ತದೆ. ಮರುದಿನ ಬೆಳಿಗ್ಗೆ ಏಳಕ್ಕೆ ಅದೇ ಇಂಜಿನು ‘ಗುಂಯ್’ ಎನ್ನುತ್ತದೆಯೇ ಹೊರತು ಕದಲುವುದಿಲ್ಲ. ಸ್ವಲ್ಪ ಹೊತ್ತಿಗೆ ಬಿಸಿಯಾಗಿ ವಾಸನೆಯೂ ಬರುತ್ತದೆ. ಹಳಿ, ಚಕ್ರ ಎರಡನ್ನೂ ಒರೆಸಿದ್ದೇನೆ. ದೀಪಾವಳಿಯ ರಜೆಯಲ್ಲಿ ಬಿಚ್ಚಿ ಗೇರುಗಳಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಬಿಟ್ಟಿದ್ದನ್ನು ಬಿಟ್ಟರೆ ಬೇರೇನೂ ಮಾಡಿಲ್ಲ. ಮೋಟರ್ ಬದಲಿಸಬೇಕೇ?
— ತಿಲಕವಾಡಿ, ಬೆಳಗಾವಿ

ಉತ್ತರ: ನೀವು ‘ಬೇರೇನೂ ಮಾಡಿಲ್ಲ’ ಎಂದು ಬರೆದ ವಾಕ್ಯದಲ್ಲಿಯೇ ರೋಗವೂ ಇದೆ, ಮದ್ದೂ ಇದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಗಾವಿಯಲ್ಲಿ ಸ್ನಾನಕ್ಕೆ ಮೊದಲು ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಇಡುವುದು ಅಥವಾ ಬಿಸಿನೀರಿನ ತಂಬಿಗೆಯಲ್ಲಿ ಮುಳುಗಿಸುವುದು ಎಲ್ಲರ ಮನೆಯ ರೂಢಿಯಲ್ಲವೇ? ಬಾಟಲಿಯಲ್ಲಿ ಆಗುವುದೇ ನಿಮ್ಮ ಗೇರಿನ ಪೆಟ್ಟಿಗೆಯಲ್ಲಿಯೂ ಆಗುತ್ತಿದೆ. ಬೆಳಗಿನ ತಂಪಿಗೆ ಎಣ್ಣೆ ಬಿಳಿ ಮೇಣವಾಗಿ ಹಲ್ಲುಗಳ ನಡುವೆ ಕೂರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಕರಗಿ ದಾರಿ ಬಿಡುತ್ತದೆ.

ಬಿಸಿಯಾಗುವುದಕ್ಕೆ ಕಾರಣವನ್ನು ತಿಳಿದುಕೊಂಡರೆ ಮುಂದೆ ಬೇರೆ ಇಂಜಿನುಗಳಿಗೂ ಉಪಯೋಗವಾಗುತ್ತದೆ. ತಿರುಗುತ್ತಿರುವ ಡಿಸಿ ಮೋಟರ್ ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿ, ಒಳಗೆ ಬರುವ ಕರೆಂಟನ್ನು ಹದದಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ತಿರುಗಗೊಡದೆ ಹಿಡಿದರೆ ಆ ಎದುರು ವೋಲ್ಟೇಜು ಇರುವುದಿಲ್ಲ, ಕರೆಂಟು ಹಲವು ಪಟ್ಟು ಏರಿ ಸುರುಳಿಯ ತಂತಿ ಕಾಯುತ್ತದೆ. ಆದ್ದರಿಂದ ‘ಗುಂಯ್’ ಎಂದು ನಿಂತ ಇಂಜಿನಿಗೆ ಇನ್ನಷ್ಟು ವೋಲ್ಟೇಜು ಕೊಟ್ಟು ಒದೆಸಲು ಹೋಗಬೇಡಿ. ಒಳ್ಳೆಯ ಮೋಟರ್ ಸುಡುವುದು ಹೀಗೆಯೇ.

ಈಗ ಮಾಡಬೇಕಾದ ಕೆಲಸ. ಮೇಜಿನ ಮೇಲೆ ಬಿಳಿಯ ಟವೆಲ್ ಹಾಸಿ. ಸಣ್ಣ ಸ್ಕ್ರೂ ಬಿದ್ದರೆ ಪುಟಿಯುವುದಿಲ್ಲ, ಕಣ್ಣಿಗೂ ಬೀಳುತ್ತದೆ. ಪ್ರತಿ ಹಂತದಲ್ಲಿ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಮೋಟರನ್ನೂ ಬೋಗಿಯ (ಇಂಜಿನಿನ ಅಡಿಯಲ್ಲಿ ಚಕ್ರಗಳನ್ನು ಹಿಡಿದಿರುವ ಚೌಕಟ್ಟಿನ) ಗೇರುಗಳನ್ನೂ ಜೋಡಿಸುವ ದಂಡವನ್ನು ಮೊದಲು ಕಳಚಿ, ಮೋಟರನ್ನು ಮಾತ್ರ ಓಡಿಸಿ ನೋಡಿ. ಅದು ಹಗುರವಾಗಿ ತಿರುಗಿದರೆ ಮೋಟರ್ ನಿರ್ದೋಷಿ. ಆಮೇಲೆ ಗೇರುಗಳನ್ನು ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಎಣ್ಣೆಯ ಕೊನೆಯ ಜಿಡ್ಡು ಹೋಗುವವರೆಗೂ ತೊಳೆಯಿರಿ. ಈ ದ್ರವ ಮೊಬೈಲ್ ರಿಪೇರಿ ಮಾಡುವವರ ಬಳಿ ಸಿಗುತ್ತದೆ. ಇಂಜಿನಿನ ಮೇಲಿನ ಕವಚಕ್ಕೆ ತಾಗಿಸಬೇಡಿ, ಅದು ಬಣ್ಣವನ್ನೂ ಎಬ್ಬಿಸುತ್ತದೆ. ಒಣಗಿದ ಮೇಲೆ ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ತೆಳುವಾದ ಎಣ್ಣೆಯನ್ನು ಗುಂಡುಸೂಜಿಯ ತುದಿಗೆ ಅಂಟುವಷ್ಟು ಮಾತ್ರ ಬೇರಿಂಗುಗಳಿಗೆ, ಪ್ಲಾಸ್ಟಿಕ್ ಗೇರುಗಳಿಗೆಂದೇ ಬರುವ ಬಿಳಿ ಗ್ರೀಸನ್ನು ಸಾಸಿವೆ ಕಾಳಿನಷ್ಟು ವರ್ಮ್ ಗೇರಿಗೆ (ಸ್ಕ್ರೂವಿನಂತೆ ಸುರುಳಿ ಹಲ್ಲಿರುವ ಗೇರಿಗೆ) ಹಚ್ಚಿ. ಅಡುಗೆಮನೆಯ ಯಾವ ಎಣ್ಣೆಯೂ ಬೇಡ. ಇಂದು ತೆಳುವಾಗಿರುವ ಶೇಂಗಾ ಎಣ್ಣೆಯೂ ವರ್ಷದೊಳಗೆ ಅಂಟಾಗುತ್ತದೆ. ಕರಿದ ಬಾಣಲೆಯ ಅಂಚನ್ನು ತಿಕ್ಕಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಪ್ರಶ್ನೆ: ನನ್ನ ಇಂಜಿನು ಎರಡು ಗೇಣು ಓಡಿ ನಿಲ್ಲುತ್ತದೆ, ಬೆರಳಿನಿಂದ ತಟ್ಟಿದರೆ ಮತ್ತೆ ಹೊರಡುತ್ತದೆ, ದೀಪವೂ ಮಿಣುಕುತ್ತದೆ. ಹಳಿಗಳನ್ನು ವಾರಕ್ಕೊಮ್ಮೆ ಪಾಲಿಶ್ ಪೇಪರಿನಿಂದ ತಿಕ್ಕುತ್ತೇನೆ. ಆದರೂ ಹೀಗೇಕೆ?
— ಜಲನಗರ, ವಿಜಯಪುರ

ಉತ್ತರ: ‘ಆದರೂ’ ಅಲ್ಲ, ಆ ಪಾಲಿಶ್ ಪೇಪರಿನಿಂದಲೇ ಹೀಗೆ. ಅದು ಹಳಿಯ ನೆತ್ತಿಯ ಮೇಲೆ ಕಣ್ಣಿಗೆ ಕಾಣದ ಸಾವಿರ ಗೀರುಗಳನ್ನು ಎಳೆಯುತ್ತದೆ. ವಿಜಯಪುರದ ಬೇಸಿಗೆಯ ಎರೆಮಣ್ಣಿನ ಧೂಳು ಎಣ್ಣೆಯ ಪಸೆಯೊಂದಿಗೆ ಬೆರೆತು ಆ ಗೀರುಗಳಲ್ಲಿ ಮನೆ ಮಾಡುತ್ತದೆ. ನೀವು ತಿಕ್ಕಿದಷ್ಟೂ ಅದಕ್ಕೆ ಹೊಸ ಕೋಣೆಗಳು ಸಿಗುತ್ತವೆ.

ಮಾದರಿ ಇಂಜಿನಿಗೆ ಕರೆಂಟು ಬರುವ ದಾರಿ ಬಹಳ ಕಿರಿದು. ಒಂದು ಹಳಿಯಿಂದ ಚಕ್ರದ ಅಂಚಿಗೆ, ಚಕ್ರದಿಂದ ಅದನ್ನು ಸವರುತ್ತಿರುವ ತೆಳು ಲೋಹದ ಪಟ್ಟಿಗೆ, ಅಲ್ಲಿಂದ ತಂತಿಯ ಮೂಲಕ ಮೋಟರಿನ ಬ್ರಶ್‌ಗೆ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡಿಗೆ) ಹೋಗಿ, ಅದೇ ರೀತಿಯಲ್ಲಿ ಇನ್ನೊಂದು ಹಳಿಗೆ ಇಳಿಯಬೇಕು. ಚಕ್ರವೂ ಹಳಿಯೂ ಮುಟ್ಟುವ ಜಾಗ ಸೂಜಿಯ ಮೊನೆಯಷ್ಟು. ಅಲ್ಲಿ ಒಂದು ಕಪ್ಪು ಪೊರೆ ಕುಳಿತರೂ ಇಂಜಿನು ನಿಲ್ಲುತ್ತದೆ. ಬೆರಳಿನಿಂದ ತಟ್ಟಿದಾಗ ಚಕ್ರ ಒಂದು ಕೂದಲೆಳೆಯಷ್ಟು ಸರಿದು ಹೊಳೆಯುವ ಲೋಹ ಸಿಗುತ್ತದೆ, ಅಷ್ಟೇ.

ಹಳಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲು ಸವರಿದ ಹಳೆಯ ಧೋತರದ ತುಂಡಿನಿಂದ ಒರೆಸಿ. ಇಂಜಿನಿನ ಚಕ್ರಕ್ಕೆ ಒಂದು ಹಳೆಯ ಉಪಾಯವಿದೆ. ಅದೇ ದ್ರವದಲ್ಲಿ ತೇವ ಮಾಡಿದ ಬಟ್ಟೆಯನ್ನು ಎರಡೂ ಹಳಿಗಳ ಮೇಲೆ ಅಡ್ಡಲಾಗಿ ಹಾಸಿ, ಮುಂದಿನ ಬೋಗಿಯನ್ನು ಬಟ್ಟೆಯ ಮೇಲೂ ಹಿಂದಿನದನ್ನು ಬರಿ ಹಳಿಯ ಮೇಲೂ ಇಟ್ಟು, ಇಂಜಿನನ್ನು ಕೈಯಲ್ಲಿ ಹಿಡಿದು ಅರ್ಧ ವೇಗ ಕೊಡಿ. ಹಿಂದಿನ ಚಕ್ರಗಳು ಕರೆಂಟು ತರುತ್ತವೆ, ಮುಂದಿನವು ಬಟ್ಟೆಯ ಮೇಲೆ ಜಾರುತ್ತ ಎರಡು ಕಪ್ಪು ಗೆರೆಗಳನ್ನು ಬರೆಯುತ್ತವೆ. ಮೊದಲ ಸಲ ಆ ಗೆರೆಗಳನ್ನು ನೋಡಿದಾಗ, ನಮ್ಮ ಇಂಜಿನು ಇಷ್ಟು ದಿನ ಓಡಿದ್ದೇ ದೊಡ್ಡದು ಎನಿಸುತ್ತದೆ. ಬಳಿಕ ಇಂಜಿನನ್ನು ತಿರುಗಿಸಿ ಹಿಂದಿನ ಬೋಗಿಗೂ ಹೀಗೆಯೇ ಮಾಡಿ. ಈ ದ್ರವಕ್ಕೆ ಬೆಂಕಿ ಬೇಗ ಹತ್ತುತ್ತದೆ, ಚಕ್ರದಲ್ಲಿ ಕಿಡಿಯೂ ಏಳುತ್ತದೆ. ಆದ್ದರಿಂದ ಬಟ್ಟೆ ತೇವವಿರಲಿ, ಒದ್ದೆಯಾಗಿ ತೊಟ್ಟಿಕ್ಕಬಾರದು, ಕಿಟಕಿ ತೆರೆದಿರಲಿ.

ನಿಮ್ಮ ಹಳಿ ಹಿತ್ತಾಳೆಯದೋ ನಿಕ್ಕಲ್ ಸಿಲ್ವರಿನದೋ ಎಂದು ನೀವು ಬರೆದಿಲ್ಲ. ಹಳದಿ ಬಣ್ಣವಿದ್ದರೆ ಹಿತ್ತಾಳೆ. ಅದು ಬೇಗ ಮಾಸುತ್ತದೆ. ಮುಂದೆ ಕೊಳ್ಳುವಾಗ ನಿಕ್ಕಲ್ ಸಿಲ್ವರಿನದನ್ನೇ ಆರಿಸಿ. ಹೆಸರಿನಲ್ಲಿ ಬೆಳ್ಳಿ ಇದ್ದರೂ ಅದರಲ್ಲಿರುವುದು ತಾಮ್ರ, ನಿಕ್ಕಲ್ ಮತ್ತು ಸತು ಮಾತ್ರ. ಡಬ್ಬಿಗಳಿಗೆ ಪ್ಲಾಸ್ಟಿಕ್ ಚಕ್ರಗಳಿದ್ದರೆ ಲೋಹದವನ್ನು ಹಾಕಿಸಿ. ಪ್ಲಾಸ್ಟಿಕ್ ಚಕ್ರ ಕೊಳೆಯನ್ನು ಊರೆಲ್ಲ ಹಂಚುತ್ತ ಹೋಗುತ್ತದೆ.

ಪ್ರಶ್ನೆ: ಹಳೆಯ ಇಂಜಿನೊಂದು ಓಡುವಾಗ ಚಕ್ರದ ಪ್ರತಿ ಸುತ್ತಿಗೆ ‘ಟಕ್’ ಎಂಬ ಸದ್ದು ಬರುತ್ತದೆ, ಕವಲಿನ ಜಾಗದಲ್ಲಿ ಹಳಿ ತಪ್ಪುತ್ತದೆ. ಚಕ್ರದ ನಡುವಿನ ಪ್ಲಾಸ್ಟಿಕ್ ಗೇರಿನಲ್ಲಿ ಸಣ್ಣ ಬಿರುಕು ಕಂಡಿತು. ಅಂಟು ಹಾಕಿದರೆ ಎರಡೇ ದಿನ ನಿಂತಿತು.
— ನವನಗರ, ಬಾಗಲಕೋಟೆ

ಉತ್ತರ: ಸದ್ದೂ ಹಳಿ ತಪ್ಪುವುದೂ ಒಂದೇ ಬಿರುಕಿನ ಎರಡು ಫಲಗಳು. ಉಕ್ಕಿನ ಅಚ್ಚಿನ (ಎರಡು ಚಕ್ರಗಳನ್ನು ಜೋಡಿಸುವ ದಂಡದ) ಮೇಲೆ ಬಿಗಿಯಾಗಿ ಒತ್ತಿ ಕೂರಿಸಿದ ಪ್ಲಾಸ್ಟಿಕ್ ಗೇರು ವರ್ಷಗಳು ಕಳೆದಂತೆ ಕುಗ್ಗಲು ನೋಡುತ್ತದೆ; ಒಳಗಿನ ಉಕ್ಕು ಜಾಗ ಬಿಡುವುದಿಲ್ಲ; ಕೊನೆಗೆ ಗೇರು ಸೀಳುತ್ತದೆ. ಸೀಳಿದ ಜಾಗದಲ್ಲಿ ಎರಡು ಹಲ್ಲುಗಳ ನಡುವಿನ ಅಂತರ ಹೆಚ್ಚಾಗಿ, ಎದುರಿನ ಹಲ್ಲು ಅಲ್ಲಿಗೆ ಬಂದಾಗಲೆಲ್ಲ ‘ಟಕ್’ ಎನ್ನುತ್ತದೆ. ಹಿಡಿತ ತಪ್ಪಿದ ಚಕ್ರಗಳು ಅಚ್ಚಿನ ಮೇಲೆ ಅತ್ತಿತ್ತ ಸರಿದು ತಮ್ಮ ನಡುವಿನ ಅಂತರವನ್ನು ಕೆಡಿಸಿಕೊಳ್ಳುವುದರಿಂದ ಕವಲಿನಲ್ಲಿ ಇಂಜಿನು ಹಳಿ ಬಿಡುತ್ತದೆ. ಇಂಥ ಗೇರುಗಳಿಗೆ ಬಳಸುವ ನುಣುಪಾದ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ, ಹಿಡಿದಂತೆ ನಟಿಸುತ್ತದೆ. ಹೊಸ ಗೇರನ್ನೇ ಹಾಕಬೇಕು.

ಗೇರನ್ನು ತರಿಸುವ ಮೊದಲು ಅಳತೆ ತೆಗೆಯಿರಿ. ಹಲ್ಲುಗಳನ್ನು ಎಣಿಸಿ, ವರ್ನಿಯರ್ ಕ್ಯಾಲಿಪರಿನಿಂದ ಹೊರ ವ್ಯಾಸ ನೋಡಿ, ಹಲ್ಲಿನ ಸಂಖ್ಯೆಗೆ 2 ಸೇರಿಸಿ ಅದರಿಂದ ವ್ಯಾಸವನ್ನು ಭಾಗಿಸಿ. 14 ಹಲ್ಲಿದ್ದು ವ್ಯಾಸ 6.4 ಮಿಲಿಮೀಟರ್ ಇದ್ದರೆ 6.4 ಭಾಗಿಸು 16, ಅಂದರೆ 0.4. ಇದನ್ನು ಮಾಡ್ಯೂಲ್ ಎನ್ನುತ್ತಾರೆ. ಹಲ್ಲಿನ ಸಂಖ್ಯೆ, ಮಾಡ್ಯೂಲ್, ಒಳರಂಧ್ರದ ವ್ಯಾಸ, ದಪ್ಪ ಈ ನಾಲ್ಕನ್ನು ಹೇಳಿದರೆ ಇಂಜಿನಿನ ಹೆಸರು ಗೊತ್ತಿಲ್ಲದ ಅಂಗಡಿಯವರೂ ಸರಿಯಾದ ಗೇರನ್ನು ಕಳುಹಿಸುತ್ತಾರೆ.

ಆದರೆ ಹೊಸ ಗೇರನ್ನು ಅದೇ ಅಚ್ಚಿಗೆ ಒತ್ತಿದರೆ ಅದೂ ಒಂದು ದಿನ ಸೀಳುತ್ತದೆ. ನನಗೆ ಎರಡು ಸಲ ಹಾಗಾದ ಮೇಲೆ ಮೂರನೆಯ ಸಲ ಅಚ್ಚನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬೆಳಗಾವಿಯ ಉದ್ಯಮಬಾಗಕ್ಕೆ ಹೋದೆ. ಫೌಂಡ್ರಿ, ಲೇತುಗಳ ಆ ಪ್ರದೇಶದಲ್ಲಿ ತೋಳಿನಷ್ಟು ದಪ್ಪದ ಶಾಫ್ಟುಗಳನ್ನು ತಿರುವುವ ಮೇಸ್ತ್ರಿಯೊಬ್ಬರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, “ಇದೇನ್ರೀ ಸರ, ಗಡಿಯಾರದ ಸಾಮಾನು ತಂದೀರಿ?” ಎಂದು ನಕ್ಕರು. ರೈಲಿನದು ಎಂದಾಗ ಇನ್ನೂ ಜೋರಾಗಿ ನಕ್ಕರು. ಬಳಿಕ ಸಣ್ಣ ಲೇತಿಗೆ ಕಟ್ಟಿ, ಗೇರು ಕೂರುವ ಜಾಗವನ್ನು ಮಾತ್ರ ನುಣ್ಣನೆಯ ಎಮರಿ ಕಾಗದದಿಂದ ಕೂದಲೆಳೆಯಷ್ಟು ಇಳಿಸಿ, ನಡುನಡುವೆ ಗೇರನ್ನು ಕೂರಿಸಿ ನೋಡುತ್ತ, ಹೆಬ್ಬೆರಳಿನ ಒತ್ತಿಗೆ ಬಿಗಿಯಾಗಿ ಹೋಗುವ ಹದಕ್ಕೆ ತಂದುಕೊಟ್ಟರು. ಚಹದ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಆ ಗೇರು ಇಂದಿಗೂ ಗಟ್ಟಿಯಾಗಿದೆ. ಬಾಗಲಕೋಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಯಾವ ವರ್ಕ್‌ಶಾಪಿನಲ್ಲಾದರೂ ಈ ಕೆಲಸ ಆಗುತ್ತದೆ. ಕೂರಿಸಿದ ಮೇಲೆ ಚಕ್ರಗಳ ಒಳಮೈಗಳ ನಡುವಿನ ಅಂತರವನ್ನು ಕೆಡದೆ ಉಳಿದಿರುವ ಇನ್ನೊಂದು ಅಚ್ಚಿನೊಂದಿಗೆ ಹೋಲಿಸಿ ಸರಿಪಡಿಸಲು ಮರೆಯಬೇಡಿ.

ಪ್ರಶ್ನೆ: ನಮ್ಮ ಯಜಮಾನರು ಊಟದ ಮೇಜಿನ ಮೇಲೆಯೇ ಇಂಜಿನು ಬಿಚ್ಚುತ್ತಾರೆ. ರೊಟ್ಟಿ ಬುಟ್ಟಿಯ ಪಕ್ಕದಲ್ಲಿ ಸೋಲ್ಡರಿಂಗ್ ಮಾಡುವುದು ಸರಿಯೇ? ನಾನು ಹೇಳಿದರೆ ಕೇಳುವುದಿಲ್ಲ, ತಾವು ಬರೆದರೆ ಕೇಳಬಹುದು.
— ಗೋಕಾಕ

ಉತ್ತರ: ಸರಿಯಲ್ಲ. ಸಾಮಾನ್ಯವಾಗಿ ಸಿಗುವ ಸೋಲ್ಡರ್ ತಂತಿಯಲ್ಲಿ ನೂರಕ್ಕೆ 40ರಷ್ಟು ಸೀಸವಿರುತ್ತದೆ; ಅದರ ಚೂರು ಅನ್ನದ ತಟ್ಟೆಯ ಬಳಿ ಬರಲೇಬಾರದು, ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಊಟಕ್ಕೆ ಕೂರಬಾರದು. ಯಜಮಾನರೇ, ಒಂದೂವರೆ ಅಡಿ ಅಗಲದ ಪ್ಲೈವುಡ್ ಹಲಗೆಗೆ ಮೂರು ಕಡೆ ಅಂಚುಪಟ್ಟಿ ಹೊಡೆಸಿಕೊಂಡು ಕಿಟಕಿಯ ಬಳಿ ಕುಳಿತುಕೊಳ್ಳಿ. ಊಟದ ಹೊತ್ತಿಗೆ ಹಲಗೆಯನ್ನು ಸಾಮಾನುಸಹಿತ ಎತ್ತಿ ಕಪಾಟಿನ ಮೇಲಿಡಬಹುದು. ನಾನೂ ಮನೆಯಲ್ಲಿ ಬೈಸಿಕೊಂಡ ಮೇಲೆಯೇ ಇದನ್ನು ಮಾಡಿಸಿದ್ದು. ಬ್ರಶ್‌ನ ಸ್ಪ್ರಿಂಗು ಹಾರಿ ಪಲ್ಯದ ಪಾತ್ರೆಗೆ ಬಿದ್ದ ದಿನ ನನ್ನ ಪರವಾಗಿ ಹೇಳಲು ಯಾವ ವಾದವೂ ಉಳಿದಿರಲಿಲ್ಲ.

ಪ್ರಶ್ನೆ: 8 ಅಡಿ ಉದ್ದ, 4 ಅಡಿ ಅಗಲದ ಹಲಗೆಯ ಮೇಲೆ ವಿಜಯಪುರ ನಿಲ್ದಾಣವನ್ನೂ ಹಿಂದೆ ಗೋಲಗುಂಬಜನ್ನೂ ಎಚ್‌ಓ ಅಳತೆಯಲ್ಲಿ ಕಟ್ಟಬೇಕೆಂದಿದ್ದೇನೆ. ನಮ್ಮ ತಂದೆಯವರು ನೆನೆಸಿಕೊಳ್ಳುವ ಮೀಟರ್ ಗೇಜ್ ಕಾಲವನ್ನೇ ತೋರಿಸುವ ಆಸೆ. ಯಾವ ಹಳಿ ತರಿಸಲಿ?
— ಆಶ್ರಮ ರಸ್ತೆ, ವಿಜಯಪುರ

ಉತ್ತರ: ಮೊದಲು ಗುಂಬಜದ ಲೆಕ್ಕ. ಎಚ್‌ಓ ಎಂದರೆ ನಿಜದ 87ರಲ್ಲಿ ಒಂದು ಪಾಲು. ಗೋಲಗುಂಬಜದ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಕಟ್ಟಡದ ಎತ್ತರ ಸುಮಾರು 51 ಮೀಟರ್. ಅಂದರೆ ನಿಮ್ಮ ಹಲಗೆಯ ಮೇಲೆ ಅರ್ಧ ಮೀಟರ್ ಅಗಲದ ಗುಮ್ಮಟ, 59 ಸೆಂಟಿಮೀಟರ್ ಎತ್ತರದ ಕಟ್ಟಡ! 4 ಅಡಿಯ ಅಗಲದಲ್ಲಿ ಅರ್ಧದಷ್ಟನ್ನು ಆದಿಲ್‌ಶಾಹಿಗೆ ಬಿಟ್ಟುಕೊಟ್ಟರೆ ರೈಲಿಗೆ ಉಳಿಯುವುದೇನು? ದೂರದ ವಸ್ತು ಚಿಕ್ಕದಾಗಿ ಕಾಣುವುದನ್ನೇ ಬಳಸಿಕೊಂಡು, ಗುಂಬಜವನ್ನು ಮಾತ್ರ 220ರಲ್ಲಿ ಒಂದು ಪಾಲಿಗೆ ಇಳಿಸಿ ಹಿಂದಿನ ಮೂಲೆಯಲ್ಲಿ ನಿಲ್ಲಿಸಿ. ಆಗ ಗುಮ್ಮಟಕ್ಕೆ 20 ಸೆಂಟಿಮೀಟರ್ ಸಾಕು. ಅಷ್ಟೇ ಬಾಯಿಯ ಉಕ್ಕಿನ ಬೋಗುಣಿಯನ್ನು ಬೋರಲು ಹಾಕಿ, ಅಂಚಿನ ಸುತ್ತ ಕಾಗದದ ಕಮಲದ ಎಸಳುಗಳನ್ನು ಅಂಟಿಸಿದರೆ ಅರ್ಧ ಕೆಲಸ ಮುಗಿಯಿತು. ನಾಲ್ಕು ಮೂಲೆಯ ಗೋಪುರಗಳಿಗೆ ಏಳೇಳು ಅಂತಸ್ತು ಇರಲೇಬೇಕು; ಬೇರೆ ಊರಿನವರು ಎಣಿಸದಿದ್ದರೂ ನಿಮ್ಮ ಓಣಿಯವರು ಎಣಿಸುತ್ತಾರೆ.

ಹಳಿಯ ವಿಷಯ. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಗಳ ನಡುವಿನ ಅಗಲ, ಅಂದರೆ ಗೇಜ್, 16.5 ಮಿಲಿಮೀಟರ್, ಅದು 1435 ಮಿಲಿಮೀಟರಿನ ವಿದೇಶಿ ಗೇಜಿನ ಲೆಕ್ಕ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್ ಇರುವುದರಿಂದ ನ್ಯಾಯವಾಗಿ 19.3 ಬೇಕು, ಆದರೂ ಹೆಚ್ಚಿನವರು 16.5ರಲ್ಲಿಯೇ ತೃಪ್ತರಾಗುತ್ತಾರೆ, ನಾನೂ ಅವರಲ್ಲಿ ಒಬ್ಬ. ಮೀಟರ್ ಗೇಜಿಗೆ ಆ ಹಳಿ ಹಾಕಿದರೆ ಮಾತ್ರ ನಿಮ್ಮ ತಂದೆಯವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಒಂದು ಮೀಟರನ್ನು 87ರಿಂದ ಭಾಗಿಸಿದರೆ 11.5 ಮಿಲಿಮೀಟರ್. ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ಬೆಟ್ಟದ ರೈಲುಗಳಿಗೆಂದು ಎಚ್‌ಓಎಂ ಎಂಬ ಹೆಸರಿನಲ್ಲಿ 12 ಮಿಲಿಮೀಟರ್ ಹಳಿ ಮಾರುತ್ತಾರೆ. ಅದು ನಿಮಗೆ ಸರಿಹೊಂದುತ್ತದೆ. ಬೆಲೆ ಹೆಚ್ಚು, ಆದ್ದರಿಂದ ಮೊದಲು ನಿಲ್ದಾಣದ ಒಂದು ನೇರ ಸಾಲನ್ನಷ್ಟೇ ತರಿಸಿ. ಆ ಹಳಿಗೆ ಬರುವ ಸ್ವಿಸ್ ಇಂಜಿನಿನ ತಳಭಾಗವನ್ನು ಉಳಿಸಿಕೊಂಡು, ಮೇಲಿನ ಕವಚವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ನಮ್ಮ ಮೀಟರ್ ಗೇಜಿನ ವೈಡಿಎಂ-4 ಡೀಸೆಲ್ ಇಂಜಿನಿನಂತೆ ಕತ್ತರಿಸಿ ಕಟ್ಟುವುದು ಕಷ್ಟದ ಕೆಲಸವೇನಲ್ಲ. ಉಗಿಬಂಡಿಯ ಚಕ್ರ, ದಂಡಗಳ ಸಹವಾಸ ಮೊದಲ ಪ್ರಯತ್ನಕ್ಕೆ ಬೇಡ. ಕತ್ತರಿಸುವ ಮೊದಲು ರಟ್ಟಿನಲ್ಲಿ ಒಂದು ನಮೂನೆ ಮಾಡಿ ತಂದೆಯವರಿಗೆ ತೋರಿಸಿ. ಇಂಜಿನಿನ ಮೂತಿ ಎಷ್ಟು ಉದ್ದವಿತ್ತು ಎಂಬುದರಲ್ಲಿ ಅವರು ನಿಮ್ಮನ್ನು ತಿದ್ದುತ್ತಾರೆ.